ಉಪ್ಪಿನ ಮೇಲೆ ಮೊದಲ ಓಟ: ಬೊನೆವಿಲ್‌ಗೆ ಬೈಕ್ ಅಣಿ ಮಾಡುವುದು

ಅಮೆರಿಕದ ಯೂಟಾ ರಾಜ್ಯದ ಬೊನೆವಿಲ್ ಉಪ್ಪುಬಯಲಲ್ಲಿ ನೇರ ದಾರಿಯಲ್ಲಿ ಓಡಿಸಿ ಗರಿಷ್ಠ ವೇಗ ಅಳೆಯುತ್ತಾರೆ. ಅಲ್ಲಿಗೆ ಮೊದಲ ಸಲ ಬೈಕ್ ಒಯ್ಯುವವರು ಇದ್ದಬದ್ದ ದುಡ್ಡನ್ನೆಲ್ಲ ಇಂಜಿನ್‌ಗೆ ಸುರಿಯುತ್ತಾರೆ. ಆದರೆ ಓಟ ಕೆಡುವುದು ಬೇರೆ ಕಡೆ: ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಲೆಕ್ಕ ತಪ್ಪಿರುತ್ತದೆ, ಹಿಂದಿನ ಚಕ್ರ ಜಾರುತ್ತದೆ, ಇಲ್ಲವೇ ತಪಾಸಣೆಯಲ್ಲಿ ಯಾವುದೋ ಬೋಲ್ಟಿಗೆ ತಂತಿ ಇಲ್ಲವೆಂದು ಬೈಕನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ.

ಮೊದಲು ವರ್ಗ ಗೊತ್ತು ಮಾಡಿಕೊಳ್ಳಿ. ಇಂಜಿನ್ ಸಿಸಿ, ಫ್ರೇಮಿನ ಬಗೆ, ಇಂಜಿನ್ ಮತ್ತು ಇಂಧನದ ಬಗೆ, ಈ ಮೂರೂ ಸೇರಿ ವರ್ಗದ ಹೆಸರಾಗುತ್ತದೆ. ‘650 ಎಂ-ಜಿ’ ಎಂದರೆ 650 ಸಿಸಿ ಗುಂಪಿನ, ಮಾರ್ಪಡಿಸಿದ ಫ್ರೇಮಿನ, ಪೆಟ್ರೋಲ್ ಬೈಕ್. ಪೆಟ್ರೋಲ್ ವರ್ಗದಲ್ಲಿ ಮನೆಯಿಂದ ತಂದ ಇಂಧನ ನಡೆಯುವುದಿಲ್ಲ. ಅಲ್ಲೇ ಮಾರುವುದನ್ನು ತುಂಬಿಸಿ ಟ್ಯಾಂಕಿಗೆ ಸೀಲ್ ಹಾಕಿಸಬೇಕು. ಗಾಳಿ ಸೀಳುವ ಹೊದಿಕೆ, ಅಂದರೆ ಫೇರಿಂಗ್, ಒಂದು ಚೂರು ಸೇರಿಸಿದರೂ ವರ್ಗ ಬದಲಾಗಬಹುದು. ಆದ್ದರಿಂದ ಗ್ರೈಂಡರ್ ಹಿಡಿಯುವ ಮೊದಲು ನಿಯಮಪುಸ್ತಕ ಓದಿ.

ಇನ್ನು ಸ್ಪ್ರಾಕೆಟ್. ಸವಾರ ಬೈಕಿನ ಮೇಲೆ ಕೂತಿರುವಾಗ ಹಿಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಅಳೆಯಿರಿ. ಅದು 2 ಮೀಟರ್ ಬಂತೆನ್ನಿ. ಇಂಜಿನ್ 8,000 ಆರ್‌ಪಿಎಂನಲ್ಲಿ ಗರಿಷ್ಠ ಶಕ್ತಿ ಕೊಡುತ್ತಿದ್ದರೆ 8,000 × 2 × 60, ಅಂದರೆ 960 ಕಿ.ಮೀ. ಇದನ್ನು ಒಟ್ಟು ಅನುಪಾತದಿಂದ (ಇಂಜಿನ್‌ನಿಂದ ಕ್ಲಚ್‌ಗೆ ಹೋಗುವ ಪ್ರೈಮರಿ × ಟಾಪ್ ಗೇರ್ × ಸ್ಪ್ರಾಕೆಟ್) ಭಾಗಿಸಿ. ಅನುಪಾತ 4.8 ಇದ್ದರೆ ಕಾಗದದ ಮೇಲೆ ಗಂಟೆಗೆ 200 ಕಿ.ಮೀ. ಉಪ್ಪಿನ ಮೇಲೆ ಚಕ್ರ ಶೇ. 5ರಿಂದ 10ರಷ್ಟು ಜಾರಿಕೊಂಡೇ ಓಡುವುದರಿಂದ ನಿಜಕ್ಕೂ ಸಿಗುವುದು 180–190. ಮುಂದಿನ ಸ್ಪ್ರಾಕೆಟ್ 15 ಹಲ್ಲಿನಿಂದ 16ಕ್ಕೆ ಹೋದರೆ ಸುಮಾರು ಶೇ. 6.7ರ ನೆಗೆತ, ಹಿಂದಿನದು 38ರಿಂದ 37ಕ್ಕೆ ಇಳಿದರೆ ಶೇ. 2.7 ಮಾತ್ರ. ಹಾಗಾಗಿ ಮುಂದಿನವು ಎರಡು, ಹಿಂದಿನವು ನಾಲ್ಕು, ಉದ್ದ ಹೊಂದಿಸಲು ಚೈನ್ ಕೊಂಡಿಗಳು ಪೆಟ್ಟಿಗೆಯಲ್ಲಿರಲಿ. ಹೊಸಬರು ಆಸೆಗೆ ಬಿದ್ದು ಗೇರಿಂಗ್ ಎತ್ತರಿಸುತ್ತಾರೆ. ಟಾಪ್ ಗೇರಿಗಿಂತ ಅದರ ಕೆಳಗಿನ ಗೇರಿನಲ್ಲೇ ಬೈಕ್ ಜೋರಾಗಿ ಓಡಿದರೆ ನೀವೂ ಅದನ್ನೇ ಮಾಡಿದ್ದೀರಿ ಎಂದರ್ಥ. ಹಿಂದೆ ಹಲ್ಲು ಹೆಚ್ಚಿಸಿ.

ಗಾಳಿಯ ಲೆಕ್ಕ ಇನ್ನೂ ಚುರುಕಾಗಿ ಕಚ್ಚುತ್ತದೆ. ಬಯಲು ಸಮುದ್ರಮಟ್ಟದಿಂದ ಸುಮಾರು 4,200 ಅಡಿ ಎತ್ತರದಲ್ಲಿದೆ. ಆಗಸ್ಟ್ ಮಧ್ಯಾಹ್ನದ 32 ಡಿಗ್ರಿ ಬಿಸಿಲಿನಲ್ಲಿ ಇಂಜಿನ್‌ಗೆ ಸಿಗುವುದು 7,000 ಅಡಿ ಎತ್ತರದಲ್ಲಿರುವಷ್ಟು ತೆಳು ಗಾಳಿ. ಟರ್ಬೊ ಇಲ್ಲದ ಇಂಜಿನ್ ಸಮುದ್ರಮಟ್ಟದ ಶಕ್ತಿಯಲ್ಲಿ ಹತ್ತಿರಹತ್ತಿರ ಐದರಲ್ಲೊಂದು ಪಾಲು ಕಳೆದುಕೊಳ್ಳುತ್ತದೆ. ಬೆಂಗಳೂರಿನ ಸುಮಾರು 3,000 ಅಡಿಗೆ ಹೊಂದಿಸಿದ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಿನ ಬಿಡಿಭಾಗ) ಕೂಡ ಅಲ್ಲಿ ದೊಡ್ಡದಾಗುತ್ತದೆ, ಚಿಕ್ಕದು ಹಾಕಬೇಕು. ಆದರೆ ಇಲ್ಲೊಂದು ಬಲೆಯಿದೆ. ಇಲ್ಲಿ ವರ್ಷಕ್ಕೊಮ್ಮೆ ನಡೆಯುವ ವೇಗದ ಕೂಟವಾದ ಸ್ಪೀಡ್ ವೀಕ್‌ನಲ್ಲಿ ದಾಖಲೆ ಮೀರಿದ ಬೈಕನ್ನು ಇಂಪೌಂಡಿನಲ್ಲಿ, ಅಂದರೆ ಕಾವಲಿನ ಆವರಣದಲ್ಲಿ, ಇಟ್ಟು, ಮರುದಿನ ಬೆಳಿಗ್ಗೆ ಮತ್ತೆ ಓಡಿಸುತ್ತಾರೆ. ಎರಡು ಓಟಗಳ ಸರಾಸರಿಯೇ ದಾಖಲೆ. ಬೆಳಗಿನ ತಂಪು ಗಾಳಿ ದಟ್ಟ. ಮಧ್ಯಾಹ್ನದ ಬಿಸಿಗೆ ಇಳಿಸಿದ ಜೆಟ್ ಆಗ ಸಾಲದೆ, ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಸುಡುತ್ತದೆ. ಬೆಳಿಗ್ಗೆ ಒಂದು ಸೈಜ್ ದೊಡ್ಡ ಜೆಟ್ ಹಾಕಿ. ಗಂಟೆಗೆ 125 ಮೈಲಿ ವೇಗದಲ್ಲೂ ಒಂದು ಮೈಲಿಗೆ 28.8 ಸೆಕೆಂಡ್ ಬೇಕು. ಅಷ್ಟು ಹೊತ್ತು ಪೂರ್ತಿ ತಿರುವಿದ ಆಕ್ಸಿಲರೇಟರ್ ರಸ್ತೆಯ ಬೈಕಿಗೆ ಅಭ್ಯಾಸವಿರುವುದಿಲ್ಲ. ಓಟದ ಕೊನೆಯಲ್ಲಿ ಕ್ಲಚ್ ಹಿಡಿದು, ಅದೇ ಕ್ಷಣ ಇಂಜಿನ್ ಆರಿಸಿ, ಹಾಗೇ ಉರುಳಿಕೊಂಡು ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಬೆಳ್ಳಗೆ ಸುಟ್ಟು, ಮೇಲೆ ಅಲ್ಯೂಮಿನಿಯಂ ಚುಕ್ಕಿಗಳು ಕಂಡರೆ ಜೆಟ್ ದೊಡ್ಡದು ಮಾಡುವವರೆಗೆ ಮುಂದಿನ ಓಟ ಬೇಡ.

ತಪಾಸಣೆಗೆ ಮೊದಲು: ಆಯಿಲ್ ಡ್ರೈನ್ ಬೋಲ್ಟ್, ಫಿಲ್ಟರ್, ಆಕ್ಸಲ್ ನಟ್‌ಗಳಿಗೆ ಸೇಫ್ಟಿ ತಂತಿ ಅಥವಾ ಪಿನ್ನು. ಹ್ಯಾಂಡಲ್ ಅದುರದಂತೆ ತಡೆಯುವ ಸ್ಟೀರಿಂಗ್ ಡ್ಯಾಂಪರ್. ಸವಾರ ಬಿದ್ದೊಡನೆ ಇಂಜಿನ್ ಆರುವಂತೆ ಅವರಿಗೇ ಕಟ್ಟುವ ದಾರದ ಸ್ವಿಚ್. ವಾಲ್ವಿಗೆ ಲೋಹದ ಮುಚ್ಚಳ, ಏಕೆಂದರೆ ಚಕ್ರ ಜೋರಾಗಿ ತಿರುಗುವಾಗ ವಾಲ್ವಿನ ಕಡ್ಡಿ ಹೊರಕ್ಕೆಳೆದು ಗಾಳಿ ಸೋರಬಹುದು. ಟೈರಿನ ವೇಗದ ಅಕ್ಷರ ನೋಡಿ: ಎಚ್ ಎಂದರೆ 210 ಕಿ.ಮೀ., ವಿ ಎಂದರೆ 240. ಪೂರ್ತಿ ಮುಖದ ಹೆಲ್ಮೆಟ್, ಚರ್ಮದ ಸೂಟ್, ಎತ್ತರದ ಬೂಟು ಕಡ್ಡಾಯ. 1948ರಲ್ಲಿ ಅಮೆರಿಕದ ಸವಾರ ರೋಲಿ ಫ್ರೀ ಈಜುಚಡ್ಡಿಯಲ್ಲಿ ವಿನ್ಸೆಂಟ್ ಬೈಕಿನ ಮೇಲೆ ಮಲಗಿ ಇಲ್ಲೇ ಗಂಟೆಗೆ 150 ಮೈಲಿ ದಾಟಿದ್ದರು. ಇವತ್ತು ಆ ವೇಷದಲ್ಲಿ ಸಾಲಿಗೂ ಬಿಡುವುದಿಲ್ಲ.

ಉಪ್ಪು ಕಣ್ಣಿಗೆ ಸಿಮೆಂಟಿನಂತೆ ಕಂಡರೂ ಹಿಡಿತದಲ್ಲಿ ಒದ್ದೆ ಮಣ್ಣುರಸ್ತೆಗೇ ಹತ್ತಿರ. ಮೇಲೆ ಗಟ್ಟಿ ಪದರ, ಕೆಳಗೆ ಕೆಸರು. ಎರಡನೇ ಗೇರಿನಿಂದಾಚೆಗೆ ಆಕ್ಸಿಲರೇಟರನ್ನು ಹಿಂಡಿದಂತೆ ನಿಧಾನ ತಿರುಗಿಸಿ. ಆರ್‌ಪಿಎಂ ಏರುತ್ತಿದ್ದು ವೇಗ ಏರದಿದ್ದರೆ ಚಕ್ರ ಸುಮ್ಮನೆ ತಿರುಗುತ್ತಿದೆ. ಸ್ವಲ್ಪ ಬಿಡಿ, ಹಿಡಿತ ಮರಳುತ್ತದೆ. ಪ್ರತಿ ಓಟದಲ್ಲೂ ಹೀಗೇ ಆದರೆ ಶಕ್ತಿಯನ್ನಲ್ಲ, ಹಿಂಚಕ್ರದ ಮೇಲಿನ ಭಾರವನ್ನು ಹೆಚ್ಚಿಸಿ: ಸೀಸದ ತುಂಡನ್ನು ಕೆಳಗೆ, ಬೋಲ್ಟ್ ಹಾಕಿ ಬಿಗಿಯಾಗಿ. ಬೈಕ್ ತೂಗಾಡತೊಡಗಿದರೆ ಹ್ಯಾಂಡಲ್ ಬಿಗಿ ಹಿಡಿಯಬೇಡಿ. ಮಂಡಿಗಳಿಂದ ಟ್ಯಾಂಕನ್ನು ಅಪ್ಪಿ, ಆಕ್ಸಿಲರೇಟರನ್ನು ಹಂತಹಂತವಾಗಿ ಇಳಿಸಿ. ಗಡಿ ದಾಟಿದ ಖುಷಿಗೆ ಥಟ್ಟನೆ ಎದ್ದು ಕೂರಬೇಡಿ, ಗಾಳಿ ಎದೆಗೆ ಗುದ್ದುತ್ತದೆ. ಮುಂದಿನ ಬ್ರೇಕ್ ಮುಟ್ಟದೆ, ಉರುಳುತ್ತಾ ವೇಗ ಇಳಿದ ಮೇಲೆ ವಾಪಸು ದಾರಿಯ ಕಡೆಗೆ ಹೊರಳಿ.

ಪಿಟ್‌ನಲ್ಲಿ ಬೈಕಿನಡಿ ಟಾರ್ಪಾಲ್ ಹಾಸಿ. ಆಯಿಲ್ ಉಪ್ಪಿನ ಮೇಲೆ ಚೆಲ್ಲಬಾರದು. ಬಿಸಿಲು ಕೆಳಗಿನಿಂದಲೂ ಪ್ರತಿಫಲಿಸುತ್ತದೆ, ಮೂಗಿನ ಹೊಳ್ಳೆಯ ಒಳಗೂ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ. ಇದು ತಮಾಷೆಯಲ್ಲ. ನೀರು ನಿಂತದ್ದಕ್ಕೆ, ಉಪ್ಪು ಸರಿಯಿಲ್ಲದ್ದಕ್ಕೆ 2014, 2015, 2022ರಲ್ಲಿ ಸ್ಪೀಡ್ ವೀಕ್ ರದ್ದಾಗಿದೆ. ಆದ್ದರಿಂದ ಹತ್ತಿರದ ಊರಾದ ವೆಂಡೋವರ್‌ನಲ್ಲಿ ರೂಮು ಕಾಯ್ದಿರಿಸುವಾಗ ದುಡ್ಡು ಹಿಂತಿರುಗುವಂಥದ್ದನ್ನೇ ಆರಿಸಿ.

ಹೊರಡುವ ಮೊದಲೇ ವೈರಿಂಗ್ ಜೋಡಣೆಗಳಿಗೆ ಕರೆಂಟ್ ಹರಿಸದ ಡೈಎಲೆಕ್ಟ್ರಿಕ್ ಗ್ರೀಸ್, ಅಲ್ಯೂಮಿನಿಯಂ ಭಾಗಗಳಿಗೆ ಮೇಣ ಹಚ್ಚಿರಬೇಕು. ಒದ್ದೆ ಉಪ್ಪು ಕರೆಂಟನ್ನು ಹರಿಸುತ್ತದೆ. ಇಂಜಿನ್ ತಪ್ಪಿ ತಪ್ಪಿ ಓಡಿದರೆ ಮೊದಲು ಪ್ಲಗ್ ಕ್ಯಾಪ್ ಒರೆಸಿ. ವಾಪಸಾದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ, ಹೆಚ್ಚು ಒತ್ತಡದ ಪೈಪ್ ಬೇಡ, ಅದು ಉಪ್ಪನ್ನು ಬೇರಿಂಗಿನೊಳಕ್ಕೇ ನೂಕುತ್ತದೆ. ಒಣಗಿಸಿ, ಚಕ್ರಗಳನ್ನು ಬಿಚ್ಚಿ ಬೇರಿಂಗ್ ನೋಡಿ, ಮರುದಿನ ಇನ್ನೊಮ್ಮೆ ತೊಳೆಯಿರಿ. ಚೈನನ್ನು ಮತ್ತೆ ರಸ್ತೆಗೆ ಬಳಸಬೇಡಿ.