ಟೈಪ್ 3 ಸೌರ ರೇಡಿಯೊ ಸ್ಫೋಟದ ಜಾಡು: ನಾನು ಲೆಕ್ಕ ಹಾಕುವ ಕ್ರಮ

ಸೂರ್ಯನಿಂದ ಚಿಮ್ಮಿದ ವೇಗದ ಎಲೆಕ್ಟ್ರಾನ್‌ಗಳು ಹೊರಕ್ಕೆ ಸಾಗುತ್ತಾ ಹೊರಡಿಸುವ ರೇಡಿಯೊ ಸಂಕೇತವೇ ಟೈಪ್ 3 ಸ್ಫೋಟ; ಅವು ದೂರ ಹೋದಷ್ಟೂ ಅದರ ಆವರ್ತನ ಇಳಿಯುತ್ತದೆ. ಮೈಸೂರಿನಲ್ಲಿ ಎಷ್ಟು ದೊಡ್ಡ ಆಂಟೆನಾ ನಿಲ್ಲಿಸಿದರೂ ಸುಮಾರು 10 ಮೆಗಾಹರ್ಟ್ಸ್‌ಗಿಂತ ಕೆಳಗಿನ ಸೌರ ಸಂಕೇತ ಸಿಗುವುದಿಲ್ಲ. ಅಯಾನುಗೋಳ ಅದನ್ನು ಮೇಲಿನಿಂದಲೇ ವಾಪಸ್ ಕಳಿಸುತ್ತದೆ. ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯದ ಆಂಟೆನಾಗಳೂ ಕೇಳುವುದು ಸೂರ್ಯನ ಹತ್ತಿರದ ಭಾಗವನ್ನೇ. ಅಲ್ಲಿಂದಾಚೆಗೆ ನೌಕೆಗಳೇ ಗತಿ. ನಾನು ಮೊದಲು ತೆರೆಯುವುದು 1994ರಲ್ಲಿ ಹಾರಿದ ವಿಂಡ್ ನೌಕೆಯ ವೇವ್ಸ್ ಎಂಬ ರೇಡಿಯೊ ಉಪಕರಣದ ದತ್ತಾಂಶ: 20 ಕಿಲೋಹರ್ಟ್ಸ್‌ನಿಂದ 13.8 ಮೆಗಾಹರ್ಟ್ಸ್‌ವರೆಗೆ, ಎಲ್ಲರಿಗೂ ಉಚಿತ. ಕಡತದ ದಿನ ನಮ್ಮ ಬೆಳಗಿನ 5:30ಕ್ಕೆ ಶುರುವಾಗುತ್ತದೆ. ನಮ್ಮ ರಾತ್ರಿ ಎರಡು ಗಂಟೆಯ ಸ್ಫೋಟವನ್ನು ಹಿಂದಿನ ದಿನದ ಕಡತದಲ್ಲಿ ಹುಡುಕಬೇಕು.

ಪ್ರತಿ ಆವರ್ತನ ಚಾನೆಲ್‌ನ ಹಿನ್ನೆಲೆ ಗದ್ದಲವನ್ನು ಬೇರೆಬೇರೆಯಾಗಿ ತೆಗೆಯುತ್ತೇನೆ. ಇಡೀ ದಿನದ ಮಧ್ಯಾಂಕ ಸಾಲದು. ಸ್ಫೋಟದ ಮೇಲೆ ಸ್ಫೋಟ ಬಂದ ದಿನ ಅದೇ ಮೇಲೇರಿ ಸಣ್ಣವನ್ನು ನುಂಗಿಬಿಡುತ್ತದೆ. ಅದಕ್ಕೇ ಕೆಳಗಿನ ಶೇ 5ರ ಮಟ್ಟ ಹಿಡಿದು, ಡೆಸಿಬೆಲ್‌ಗೆ ಬದಲಿಸುತ್ತೇನೆ. ಅಲುಗಾಡದ ಅಡ್ಡಗೆರೆ ಕಂಡರೆ ಅದು ನೌಕೆಯದ್ದೇ ವಿದ್ಯುತ್ ಗದ್ದಲ. ಕೆಲವು ನೂರು ಕಿಲೋಹರ್ಟ್ಸ್‌ನಲ್ಲಿ ಮಾತ್ರ ತೇಪೆತೇಪೆಯಾಗಿ ಕಾಣುವುದು ಭೂಮಿಯ ಧ್ರುವಪ್ರಭೆಯ ಹೊರಸೂಸುವಿಕೆ. ಟೈಪ್ 3 ಆದರೆ ಮೇಲಿನ ಆವರ್ತನದಿಂದ ಸರ್ರನೆ ಕೆಳಗಿಳಿಯಬೇಕು.

ಸ್ಫೋಟದ ಸಂಕೇತ ಹೊರಡುವುದು ಆಯಾ ಜಾಗದ ಪ್ಲಾಸ್ಮಾ ಆವರ್ತನದಲ್ಲಿ, ಇಲ್ಲವೇ ಅದರ ಎರಡರಷ್ಟರಲ್ಲಿ (ಎರಡನೇ ಹಾರ್ಮೋನಿಕ್). ಎಲೆಕ್ಟ್ರಾನ್ ಸಾಂದ್ರತೆಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ಪ್ಲಾಸ್ಮಾ ಆವರ್ತನ ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ (ಸಾಂದ್ರತೆ ಘನ ಸೆಂಟಿಮೀಟರಿಗೆ). ಸೂರ್ಯನಿಂದ ಯಾವ ದೂರದಲ್ಲಿ ಎಷ್ಟು ಸಾಂದ್ರತೆ ಎಂದು ಹೇಳುವ ಲೆಬ್ಲಾಂಕ್ ಮಾದರಿಯಲ್ಲಿ 1 ಮೆಗಾಹರ್ಟ್ಸ್ ಎಂದರೆ ಸೂರ್ಯನ ಕೇಂದ್ರದಿಂದ 6.3 ಸೌರತ್ರಿಜ್ಯ, 100 ಕಿಲೋಹರ್ಟ್ಸ್ ಎಂದರೆ ಸುಮಾರು 52. ಆದರೆ ಕೇಳಿದ್ದು ಎರಡನೇ ಹಾರ್ಮೋನಿಕ್ ಆಗಿದ್ದರೆ ಅದೇ 1 ಮೆಗಾಹರ್ಟ್ಸ್ 11 ತ್ರಿಜ್ಯಕ್ಕೆ ಹೋಗಿ ಕೂರುತ್ತದೆ. ಎರಡೂ ಲೆಕ್ಕ ಮಾಡಿಟ್ಟುಕೊಳ್ಳುವುದು ಕ್ಷೇಮ.

ಸಮಯ ಗುರುತಿಸಲು ಶಿಖರ ಬೇಡ. ಕಡಿಮೆ ಆವರ್ತನದಲ್ಲಿ ಅಲೆ ಚದುರಿ ಶಿಖರ ತಡವಾಗುತ್ತದೆ, ಬಾಲ ಉದ್ದವಾಗುತ್ತದೆ. ಏರುವಾಗ ಶಿಖರದ ಅರ್ಧ ಮುಟ್ಟಿದ ಕ್ಷಣವೇ ಮೇಲು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಬೆಳಕಿನ ಪಯಣದ ಅವಧಿ. ಬೆಳಕಿನ 0.2 ಪಟ್ಟು ವೇಗದ ಎಲೆಕ್ಟ್ರಾನ್‌ಗಳು 6.3ರಿಂದ 52 ತ್ರಿಜ್ಯಕ್ಕೆ ಸಾಗಲು ಸುಮಾರು 9 ನಿಮಿಷ ಬೇಕು. ಅವು ನೇರ ನಮ್ಮತ್ತಲೇ ಬರುತ್ತಿದ್ದರೆ ವಿಂಡ್ ದಾಖಲಿಸುವ ಅಂತರ 7 ನಿಮಿಷ ಮಾತ್ರ, ಏಕೆಂದರೆ 52 ತ್ರಿಜ್ಯದಿಂದ ಹೊರಟ ಸಂಕೇತ ಕ್ರಮಿಸಬೇಕಾದ ದಾರಿ ಅಷ್ಟು ಕಡಿಮೆ. ತಿದ್ದದಿದ್ದರೆ 0.2 ಹೋಗಿ 0.25 ಆಗುತ್ತದೆ. ಒಂದು ನಿಮಿಷದ ಸರಾಸರಿ ಕಡತ ಇಟ್ಟುಕೊಂಡು 1 ಮೆಗಾಹರ್ಟ್ಸ್ ಮತ್ತು 500 ಕಿಲೋಹರ್ಟ್ಸ್ ಹೋಲಿಸಲಂತೂ ಹೋಗಬಾರದು. ಅಲ್ಲಿ ಇಡೀ ಅಂತರವೇ ಒಂದು ನಿಮಿಷದೊಳಗೆ ಮುಗಿಯುತ್ತದೆ.

ಸೂರ್ಯನ ಹತ್ತಿರಕ್ಕೇ ಹೋಗುವ ಪಾರ್ಕರ್ ನೌಕೆಯನ್ನೂ ಸೇರಿಸುವಾಗ, ಅದು ಸೂರ್ಯನಿಂದ 0.1 ಖಗೋಳಮಾನದಲ್ಲಿದ್ದರೆ (ಭೂಮಿ-ಸೂರ್ಯರ ಸರಾಸರಿ ದೂರ 1 ಖಗೋಳಮಾನ) ಸ್ಫೋಟದ ಆರಂಭ ಅಲ್ಲಿ ಏಳೂವರೆ ನಿಮಿಷ ಮೊದಲೇ ಕಾಣುತ್ತದೆ. ಒಂದು ಖಗೋಳಮಾನಕ್ಕೆ ಬೆಳಕಿಗೆ ಬೇಕಾದ 499 ಸೆಕೆಂಡಿನಿಂದ ಪ್ರತಿ ನೌಕೆಯ ದೂರವನ್ನು ಗುಣಿಸಿ, ದಾಖಲಾದ ಸಮಯದಿಂದ ಕಳೆದ ಮೇಲಷ್ಟೇ ಎರಡನ್ನೂ ಒಂದೇ ಚಿತ್ರದಲ್ಲಿ ಹಾಕುತ್ತೇನೆ.