ಎಂಆರ್‌ಎಸ್ ಬಿಟ್ಟು ಪನೀರ್ ನೀರಿಗೆ ಬಂದ ಮ್ಯಾಲ ನನ್ನ ಝೋನ್ ಖರೇ ಆತು

ಮೊಸರಿನ ಬ್ಯಾಕ್ಟೀರಿಯಾ ತಗೊಂಡು ಇ. ಕೋಲೈ (ಕರುಳಿನ ಬ್ಯಾಕ್ಟೀರಿಯಾ) ಪ್ಲೇಟ್ ಮ್ಯಾಲ ಝೋನ್ (ಅದು ಬೆಳೀದ ಖಾಲಿ ವೃತ್ತ) ತೋರ್ಸೋದು ಯಾರಿಗೆ ಬರೂದಿಲ್ಲ ಹೇಳ್ರಿ. ಎಂಎಸ್ಸಿ ಪ್ರಾಜೆಕ್ಟ್ ಅಂದ್ರ ಅರ್ಧ ಮಂದಿ ಅದನ್ನ ಮಾಡ್ತಾರ, ಪ್ಲೇಟ್‌ನ್ಯಾಗ ವೆಲ್ ಅಂದ್ರ ತೂತು ಕೊರೀತಾರ, ಫೋಟೋ ಹೊಡೀತಾರ, ಬೈಂಡಿಂಗ್ ಮಾಡಿಸಿ ಕೊಡ್ತಾರ, ಮುಗೀತು. ನಾನೂ ಹಂಗ ಮಾಡಿ ಪಾಸಾದಾಂವನ. ಆದ್ರ ಆ ಝೋನ್ ಯಾವುದರಿಂದ ಬಂತಪಾ ಅಂತ ಯಾರರ ಜಗ್ಗಿ ಕೇಳಿದ್ರ ಬಾಯಿ ಮುಚ್ಕೊಂಡು ಕುಂದ್ರೋದ ಆಗ್ತಿತ್ತು. ಧಾರವಾಡದಾಗ ನಮ್ಮ ಹಿರಿಯರೊಬ್ರು ಅದಾರ, ಅವರು ಪ್ಲೇಟ್ ನೋಡಿದವರನ "ತಮ್ಮಾ, ಅದು ಬರೇ ಹುಳಿ, ನ್ಯೂಟ್ರಲೈಸ್ ಮಾಡಿ ತಗೊಂಡ್ ಬಾ, ಆಮ್ಯಾಲೆ ಮಾತಾಡೂಣು" ಅಂದ್ರು. ಮಾಡಿದೆ. ಹುಳಿ ತಗದ ಕೂಡಲೆ ಒಂದೂ ಝೋನ್ ಉಳೀಲಿಲ್ಲ. ನಲವತ್ತೆಂಟು ಐಸೊಲೇಟ್‌ನ್ಯಾಗ (ಮೊಸರಿನಿಂದ ಬಿಡಿಸಿ ತಗದ ಬ್ಯಾಕ್ಟೀರಿಯಾ ತಳಿ) ಒಂದೂ! ಅವತ್ತ ರಾತ್ರಿ ಗಾಡಿ ಹಿಡದು ಗದಗಕ್ಕ ಬರೂತನಕ ಯಾರ ಜೊತಿಗೂ ಮಾತಾಡಿಲ್ಲ.

ಇದು ಎರಡೂವರಿ ವರ್ಷದ ಹಿಂದಿನ ಕಥಿ. ನಾ ಗದಗದಾಗ ಡಿಗ್ರಿ ಹುಡುಗರಿಗೆ ಮೈಕ್ರೊಬಯಾಲಜಿ ಕಲಸಾಂವ, ಗ್ರಾಂಟ್ ಗೀಂಟ್ ಏನಿಲ್ಲ, ಸಂಜೀ ನಾಕರ ಮ್ಯಾಲ ಲ್ಯಾಬ್ ಕೀಲಿ ನನ್ನ ಕಡೆ, ರೊಕ್ಕ ನನ್ನ ಪಗಾರದ್ದು. ಮೊಸರು ಮಾತ್ರ ಪುಗಸಟ್ಟೆ ಸಿಕ್ಕಾವು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ, ನರೇಗಲ್, ಈ ಕಡೆ ಅಣ್ಣಿಗೇರಿ, ಎಲ್ಲಾ ಹುಡುಗರ ಮನಿಯಿಂದ ತರಿಸಿದ್ದು, ಇಪ್ಪತ್ತಮೂರು ಸ್ಯಾಂಪಲ್, ಹೆಚ್ಚಿನವು ಎಮ್ಮಿ ಹಾಲಿನವು. ಶಿರಹಟ್ಟಿ ಕಡೆ ಹಳ್ಳಿಯ ಒಬ್ಬ ಆಯಿ ತಾನು ಲಗ್ನ ಆಗಿ ಬಂದಾಗಿಂದ ಅದ ಹೆಪ್ಪು ನಡಸ್ಕೊಂಡು ಬಂದಾಳಂತ, ಮಣ್ಣಿನ ಗಡಿಗಿ, ಅದನ್ನ ತೊಳಿಯೋದು ಬರೇ ಬಿಸಿನೀರಿಲೆ, ಸೋಪ್ ಮುಟ್ಟಿಸಿಲ್ಲ. ಆ ಗಡಿಗಿ ಮುಂದ ನನ್ನ ಮರ್ಯಾದಿ ಉಳಸ್ತದ ಅಂತ ಅವಾಗ ಗೊತ್ತಿರಲಿಲ್ಲ.

ಖರ್ಚಿನ ಮಾತು ಮೊದ್ಲ ಹೇಳಿಬಿಡ್ತೀನಿ. ಎಂಆರ್‌ಎಸ್ ಅಗಾರ್, ಅಂದ್ರ ಮೊಸರಿನ ಬ್ಯಾಕ್ಟೀರಿಯಾ ಬೆಳಸೋ ರೆಡಿಮೇಡ್ ಮೀಡಿಯಾ ಪುಡಿ, 500 ಗ್ರಾಂ ಡಬ್ಬಿ ನನಗ ನಾಕೂವರಿ ಸಾವಿರದ ಆಸುಪಾಸು ಬಿತ್ತು, ಲೀಟರಿಗೆ 67 ಗ್ರಾಂ ಅಂದ್ರ ಡಬ್ಬಿಗೆ ಏಳೂವರಿ ಲೀಟರ್ ಸೈತ ಆಗಂಗಿಲ್ಲ. ಮೊದಲ ಡಬ್ಬಿ ಎರಡು ತಿಂಗಳಿಗೆ ಖಲಾಸ್. ಬ್ಯಾಕ್ಟೀರಿಯಾ ಸೋಸಿ ತಗಿಯೋ 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್ ಒಂದಕ್ಕ ಆಗ ಐವತ್ತು ರೂಪಾಯಿ ಹಿಡೀರಿ, ನಲವತ್ತೆಂಟು ಐಸೊಲೇಟ್, ಮೂರು ಮೂರು ಸಲ, ಲೆಕ್ಕ ನೀವ ಹಾಕ್ರಿ. ಒಂದ ಫಿಲ್ಟರ್ ಎರಡನೇ ಸಲ ಆಟೋಕ್ಲೇವ್ ಮಾಡಿ (ಒತ್ತಡದ ಉಗಿಯಾಗ ಇಟ್ಟು ಶುದ್ಧ ಮಾಡಿ) ವಾಪರಿಸಿ ನೋಡಿದೆ, ಮೆಂಬ್ರೇನ್ ಒಡದು ವೆಲ್ ಸುತ್ತ ಮೊಸರಿನ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಬೆಳದು ಕುಂತಿತ್ತು, ಆ ಉಳಿತಾಯ ಮಾಡಾಕ ಹೋಗಬ್ಯಾಡ್ರಿ.

ನಡುವ ಒಂದು ಭಾರಿ ಖುಷಿ ಆಗಿತ್ತು, ಅದನ್ನ ಹೇಳಾಕ ನಾಚಿಕಿ ಬರ್ತದ. ಮುಂಡರಗಿ ಕಡೆದೊಂದು ಮೊಸರಿನ ತಿಳಿನೀರ ಸೀದಾ ವೆಲ್‌ಗೆ ಹಾಕಿದ್ದೆ, ಸ್ಟಾಫ್ ಆರಿಯಸ್ (ಕೀವು ತರೋ ಬ್ಯಾಕ್ಟೀರಿಯಾ) ಮ್ಯಾಲ 24 ಮಿಮೀ ಝೋನ್. ಕುಣದಾಡಿಬಿಟ್ಟೆ. ಹುಡುಗರಿಗೆ ಚಾ ಕೊಡಿಸಿದೆ. ಆ ಮೊಸರಿನಿಂದ ತಗದ ಐಸೊಲೇಟ್ ಮಾತ್ರ ಬ್ರಾತ್‌ನ್ಯಾಗ (ನೀರಿನಂಥ ಮೀಡಿಯಾ) ಬೆಳಿಸಿದ್ರ ಏನೂ ಇಲ್ಲ, ಸೊನ್ನಿ. ತಲಿ ಕೆಟ್ಟು ಆ ಹುಡುಗನ ಮನಿಗೆ ಫೋನ್ ಹಚ್ಚಿದೆ, ಅವರಪ್ಪ ನಕ್ಕೋತ ಹೇಳಿದಾ, "ಎಮ್ಮಿಗೆ ಕೆಚ್ಚಲ ಬಾವು ಆಗಿತ್ರೀ ಸರ್, ಇಂಜೆಕ್ಷನ್ ನಡದಿತ್ತು, ಅದಕ್ಕ ಮೊಸರು ಸರಿ ಹೆಪ್ಪಾಗಿರಲಿಲ್ಲ." ಅಂದ್ರ ನಾ ಕಂಡುಹಿಡದಿದ್ದು ಔಷಧಿ ಅಂಗಡಿ ಆಂಟಿಬಯಾಟಿಕ್. ಅವತ್ತಿಂದ ಮೊಸರು ತಗೊಳ್ಳೂಮುಂದ ಎಮ್ಮಿ ಆರೋಗ್ಯ ಕೇಳಿ ಬರಕೊಳ್ತೀನಿ, ಮತ್ತ ತಿಳಿನೀರು ಸೀದಾ ಹಾಕೋದು ಬಿಟ್ಟೆ.

ಈಗ ಮುಖ್ಯ ಎಡವಿದ್ದು. ನ್ಯೂಟ್ರಲೈಸ್ ಮಾಡಿದ ಕೂಡಲೆ ಎಲ್ಲಾ ಹೋತಲ್ಲ, ಹಂಗಾರ ಹುಳಿನ ಅಂತ ಒಪ್ಕೊಂಡೆ, ಆದ್ರ ಎಷ್ಟು ಹುಳಿ, ಯಾವ ಹುಳಿ? ಅದಕ್ಕ ಬ್ಯಾಕ್ಟೀರಿಯಾ ಇಲ್ಲದ ಖಾಲಿ ಎಂಆರ್‌ಎಸ್ ಬ್ರಾತ್ ತಗೊಂಡು ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಸಿಡ್) ಹಾಕಿ ಪಿಎಚ್ (ಹುಳಿ ಅಳತಿ, ಕಡಿಮಿ ಆದಷ್ಟು ಹುಳಿ ಜಾಸ್ತಿ) 4ಕ್ಕ ಇಳಿಸಿ ಹೋಲಿಸಿ ನೋಡೋ ಕಂಟ್ರೋಲ್ ಅಂತ ವೆಲ್‌ಗೆ ಹಾಕಿದೆ. ಖಾಲಿ ಬ್ರಾತ್ ಝೋನ್ ಕೊಡ್ತ್ರೀ! ಹತ್ತು ಮಿಮೀ, ವೆಲ್‌ದ ಆರು ಮಿಮೀ ಸೇರಿಸಿ. ಅದ ಎಚ್‌ಸಿಎಲ್ ನೀರಾಗ ಹಾಕಿ ಅದ ಪಿಎಚ್‌ಗೆ ತಂದು ಇಟ್ರ ಏನಿಲ್ಲ. ಎರಡು ದಿನ ವೆಲ್ ಕೊರಿಯೋ ಬೋರರ್ ಮ್ಯಾಲ, ಹುಡುಗರ ಮ್ಯಾಲ, ಎಲ್ಲಾರ ಮ್ಯಾಲ ಸಂಶಯ ಪಟ್ಟೆ. ಆಮ್ಯಾಲೆ ಡಬ್ಬಿ ಹಿಂದಿನ ಚೀಟಿ ಓದಿದೆ: ಸೋಡಿಯಂ ಅಸಿಟೇಟ್, ಲೀಟರಿಗೆ 5 ಗ್ರಾಂ. 1960ರಾಗ ಡಿ ಮ್ಯಾನ್, ರೊಗೋಸಾ, ಶಾರ್ಪ್ ಈ ಮೀಡಿಯಾ ಮಾಡಿದ್ರು, ಅದರಾಗಿನ ಅಸಿಟೇಟ್ ಬ್ಯಾರೆ ಬ್ಯಾಕ್ಟೀರಿಯಾ ತಡೀತದ, ಪಿಎಚ್ 4ಕ್ಕ ಇಳದ್ರ ಅದರಾಗ ಹೆಚ್ಚಿನದೆಲ್ಲಾ ಅಸಿಟಿಕ್ ಆಸಿಡ್ ಆಗಿ ಇ. ಕೋಲೈ ಒಳಗ ಸೀದಾ ನುಗ್ತದ. ಅಂದ್ರ ನನ್ನ ಹದಿನಾಲ್ಕು ಮಿಮೀ ಝೋನ್‌ನ್ಯಾಗ ಡಬ್ಬಿ ಪಾಲೆಷ್ಟು, ಬ್ಯಾಕ್ಟೀರಿಯಾ ಪಾಲೆಷ್ಟು? ಇಷ್ಟು ದಿನ ನಾನು, ಮತ್ತ ಭಾಳ ಮಂದಿ, ಹೆಸರು ಬ್ಯಾಡ, ಮೀಡಿಯಾದ್ದನ್ನ ಮೊಸರಿನ ಹೆಸರಿಗೆ ಬರದಿದ್ವಿ.

ಅಲ್ಲಿಂದ ಪನೀರ್ ನೀರಿನ ಹುಚ್ಚು. ಬ್ಯಾಕ್ಟೀರಿಯಾ ಬೆಳಸೋದ ಹಾಲಿನ ತಿಳಿನೀರಾಗ ಬೆಳಸಬೇಕು, ಅಸಿಟೇಟ್ ಇಲ್ಲ, ಅವಕ್ಕೂ ಅದು ತವರಮನಿ. ಇದನ್ನ ಹೇಳಿದಾಗ ಎಲ್ಲಾರೂ ನಕ್ಕರು, "ಎಂಆರ್‌ಎಸ್ ಬಿಟ್ಟು ಪನೀರ್ ಬಸದ ನೀರಾಗ ಯಾರ ಮಾಡ್ತಾರೋ ಮಾರಾಯಾ, ರಿವ್ಯೂವರ್ ಕೈಯಾಗ ಕೊಟ್ರ ಹರದು ಒಗೀತಾನ" ಅಂತ. ಮೊದ್ಲ ಬೆಟಗೇರಿ ಕಡೆ ಪನೀರ್ ಮಾಡೋರ ಹತ್ರ ಐದು ಲೀಟರ್ ಕ್ಯಾನ್ ಒಯ್ದು ತಂದೆ, ಅವರು ಗಟಾರಕ್ಕ ಚೆಲ್ಲೋದು, ಪುಗಸಟ್ಟೆ. ಆದ್ರ ದಿನಾ ಒಂದೊಂದು ಹುಳಿ, ಒಂದಿನ ಪಿಎಚ್ 5.6, ಒಂದಿನ 4.9. ಬಿಟ್ಟೆ. ಮನ್ಯಾಗ ಎರಡು ಲೀಟರ್ ಎಮ್ಮಿ ಹಾಲು ಕಾಸಿ ಲಿಂಬಿಹುಳಿ ಹಿಂಡಿ ಒಂದೂವರಿ ಲೀಟರ್ ನೀರು ತಗಿಯೋದು, ಎನ್‌ಎಒಎಚ್ (ಕ್ಷಾರ) ಹಾಕಿ ಪಿಎಚ್ 6.5ಕ್ಕ ತರೋದು, ಸ್ವಲ್ಪ ಯೀಸ್ಟ್ ಎಕ್ಸ್‌ಟ್ರಾಕ್ಟ್. ಪನೀರು ತಿಂದು ತಿಂದು ಮಕ್ಕಳು ಊಟಕ್ಕ ಬಾ ಅಂದ್ರ ಓಡಿಹೋಗ್ತಿದ್ರು, ನಮ್ಮನಿಯಾಕಿ "ಒಂದು ರೊಟ್ಟಿ ಪಲ್ಯ ಮಾಡೋಣಂದ್ರ ಒಲಿ ಖಾಲಿ ಇರಂಗಿಲ್ಲ" ಅಂತ ಒಂದಿನ ಪಾತೇಲಿ ಎತ್ತಿ ಹೊರಗಿಟ್ಳು.

ಆಟೋಕ್ಲೇವ್‌ಗೆ ಇಟ್ರ ಆ ನೀರು ಒಡೀತದ, ತಳಕ್ಕ ಬಿಳಿ ಗಸಿ, ಕೌಂಟ್ ಮಾಡಾಕ ಬರಂಗಿಲ್ಲ, ಫಿಲ್ಟರ್ ಕಟ್ಕೊಂಡು ಕುಂದ್ರತದ. ಐದಾರು ಬ್ಯಾಚ್ ಹಾಳಾದವು. ಅದನ್ನ ಕನ್ನಡಿ ಹಂಗ ತಿಳಿ ಮಾಡೋದಕ್ಕ ಒಂದು ಉಪಾಯ ಸಿಕ್ಕಿತು, ಅದನ್ನ ಇಲ್ಲಿ ಹೇಳಂಗಿಲ್ಲ, ನನ್ನ ಹುಡುಗಿಯೊಬ್ಬಾಕಿ ಅದರ ಮ್ಯಾಲ ಬರಿಯಾಕ ಹತ್ಯಾಳ. ಹಾಲಿನ ಪ್ರೊಟೀನ್ ಯಾವ ಪಿಎಚ್‌ಗೆ ಕೈ ಬಿಡ್ತದ ಅಂತ ವಿಚಾರ ಮಾಡಿದ್ರ ನಿಮಗೂ ಹೊಳೀತದ.

ಇಷ್ಟಾದ ಮ್ಯಾಲ ನಲವತ್ತೆಂಟನ್ನೂ ಮತ್ತ ಮೊದಲಿಂದ ಹಾಕಿದೆ. ಈ ಸಲ ಪ್ರತಿ ಪ್ಲೇಟ್‌ಗೆ ಐದು ವೆಲ್: ಖಾಲಿ ಪನೀರ್ ನೀರು, ಎಚ್‌ಸಿಎಲ್‌ಲೆ ಐಸೊಲೇಟ್‌ದ ಪಿಎಚ್‌ಗೆ ತಂದದ್ದು, ಟೈಟ್ರೇಶನ್ ಮಾಡಿ (ಐಸೊಲೇಟ್‌ದ ಹುಳಿ ಅಳದು) ಅಷ್ಟ ಲ್ಯಾಕ್ಟಿಕ್ ಆಸಿಡ್ ಹಾಕಿದ್ದು, ಐಸೊಲೇಟ್‌ದು, ಐಸೊಲೇಟ್‌ದಕ್ಕ ಕ್ಯಾಟಲೇಸ್ (ಪೆರಾಕ್ಸೈಡ್ ಒಡಿಯೋ ಎಂಜೈಮ್) ಹಾಕಿದ್ದು. ಎಚ್‌ಸಿಎಲ್ ಸೊನ್ನಿ. ಲ್ಯಾಕ್ಟಿಕ್ ಹನ್ನೊಂದು ಮಿಮೀ. ನೋಡ್ರಿ, ಅದ ಪಿಎಚ್, ಎರಡು ಹುಳಿ, ಒಂದು ಕೊಲ್ತದ ಒಂದು ಕೊಲ್ಲಂಗಿಲ್ಲ. ಲ್ಯಾಕ್ಟಿಕ್‌ದು ಪಿಕೆಎ (ಅರ್ಧ ಆಸಿಡ್ ಒಡಿಯೋ ಪಿಎಚ್) 3.86, ಪಿಎಚ್ 4ರಾಗ ನೂರಕ್ಕ ನಲವತ್ತು ಪಾಲು ಒಡೀದ ಇರ್ತದ, ಅದ ಗ್ವಾಡಿ ದಾಟಿ ಒಳಗ ಹೋಗೋದು, 6.5ಕ್ಕ ತಂದ್ರ ಅದು ಕಾಲು ಪರ್ಸೆಂಟೂ ಉಳ್ಯಂಗಿಲ್ಲ. ನ್ಯೂಟ್ರಲೈಸ್ ಮಾಡಿ "ಏನಿಲ್ಲ" ಅನ್ನೋದಂದ್ರ ಚಾಕು ಮೊಂಡ ಮಾಡಿ "ಕೊಯ್ಯಂಗಿಲ್ಲ" ಅಂದಂಗ. ಧಾರವಾಡದ ಹಿರಿಯರಿಗೆ ಇದನ್ನ ಹಿಂಗ ಹೇಳಿಲ್ಲ, ಸ್ವಲ್ಪ ಮೆತ್ತಗ ಹೇಳೀನಿ.

ಹೆಚ್ಚಿನ ಐಸೊಲೇಟ್ ಹನ್ನೊಂದರ ಸುತ್ತನ ನಿಂತ್ವು, ಅಂದ್ರ ಲ್ಯಾಕ್ಟಿಕ್ ಅಷ್ಟ. ಆಯಿ ಗಡಿಗಿದೊಂದು ಹದಿನೈದು ಕೊಟ್ತು. ಕ್ಯಾಟಲೇಸ್ ಹಾಕಿದ್ರ ಹದಿಮೂರಕ್ಕ ಬಂತು, ಅಂದ್ರ ಪೆರಾಕ್ಸೈಡ್ ಪಾಲು ಅಷ್ಟು. ಬೆಂಗಳೂರಿಗೆ 16ಎಸ್ (ಜೀನ್ ಓದಿ ಬ್ಯಾಕ್ಟೀರಿಯಾ ಹೆಸರು ಹೇಳೋ ಟೆಸ್ಟ್) ಕಳಿಸಿದೆ, ಒಂದಕ್ಕ ಸಾವಿರದ ಐನೂರೋ ಆರುನೂರೋ, ಲ್ಯಾಕ್ಟೋಬ್ಯಾಸಿಲಸ್ ಫರ್ಮೆಂಟಮ್ ಅಂತ ಬಂತು. ಫರ್ಮೆಂಟಮ್ ಲ್ಯಾಕ್ಟಿಕ್ ಜೊತಿಗೆ ತಾನ ಅಸಿಟಿಕ್ ಮಾಡ್ತದ, ಈ ಅಸಿಟಿಕ್ ಡಬ್ಬಿದಲ್ಲ, ಅದರ ದುಡಿಮಿದು. ಅಂದಂಗ 2020ರಾಗ ಲ್ಯಾಕ್ಟೋಬ್ಯಾಸಿಲಸ್ ಮನಿ ಒಡದು 25 ಜೀನಸ್ (ಕುಲ) ಆಗ್ಯಾವ, ಇದರ ಹೆಸರೀಗ ಲಿಮೋಸಿಲ್ಯಾಕ್ಟೋಬ್ಯಾಸಿಲಸ್, ಪ್ರಾಕ್ಟಿಕಲ್ ಪರೀಕ್ಷೆಗೆ ಬಂದವ್ರು ಕೇಳ್ತಾರ, ನೆನಪಿಡ್ರಿ. ಲಕ್ಷ್ಮೇಶ್ವರದ್ದೊಂದು ಪ್ಲಾಂಟಾರಮ್ (ಇನ್ನೊಂದು ಜಾತಿ) ಬಂತು, ಅದರ ಆಟ ಬ್ಯಾರೆ. ಅಮೋನಿಯಂ ಸಲ್ಫೇಟ್ ಹಾಕಿ ಅದರ ಪ್ರೊಟೀನ್ ಗಟ್ಟಿ ಮಾಡಿ ನ್ಯೂಟ್ರಲೈಸ್ ಮಾಡಿದ್ರೂ ಸ್ಟಾಫ್ ಮ್ಯಾಲ ಹನ್ನೆರಡು ಮಿಮೀ ಉಳೀತು, ಪ್ರೊಟೀನ್ ಒಡಿಯೋ ಪ್ರೊಟೀನೇಸ್ ಕೆ ಹಾಕಿದ ಕೂಡಲೆ ಮಾಯ. ಬ್ಯಾಕ್ಟೀರಿಯೊಸಿನ್, ಬ್ಯಾರೆ ಬ್ಯಾಕ್ಟೀರಿಯಾ ಕೊಲ್ಲೋ ಪ್ರೊಟೀನ್! ಆದ್ರ ಇ. ಕೋಲೈ ಮ್ಯಾಲ ಏನೂ ಇಲ್ಲ, ಅದರಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಕ್ಕ ಹೊರಗೊಂದು ಕ್ವಾಟಿ (ಹೊರಪೊರೆ) ಐತಲ್ಲ, ನೈಸಿನ್ ಅನ್ನೋ ಬ್ಯಾಕ್ಟೀರಿಯೊಸಿನ್‌ದೂ ಇದ ಹಣೆಬರಹ. ಇಡಿಟಿಎ (ಲೋಹದ ಅಯಾನು ಹಿಡಿಯೋ ರಾಸಾಯನಿಕ) ಚೂರು ಹಾಕಿದ್ರ ಆ ಕ್ವಾಟಿ ಸಡಲಾಗಿ ಒಂಬತ್ತು ಮಿಮೀ ಮಸುಕ ಮಸುಕ ಬಂತು. ಬ್ಯಾಕ್ಟೀರಿಯೊಸಿನ್ ಎಷ್ಟನೇ ತಾಸಿಗೆ ತಗೀಬೇಕು ಅನ್ನೋದೂ ನನ್ನ ಕಡೆನ ಇರಲಿ, ಓವರ್‌ನೈಟ್ ಅಂತ ಬಿಟ್ರ ಅರ್ಧ ಹೋಗಿರ್ತದ, ಅಷ್ಟು ಹೇಳ್ತೀನಿ.

ನನಗ ಭಾಳ ಧೈರ್ಯ ಕೊಟ್ಟಿದ್ದು ಝೋನ್ ಅಲ್ಲ, ಹಾಲಿನ್ಯಾಗ ಎರಡನ್ನೂ ಕೂಡಿ ಬಿಟ್ಟಿದ್ದು. ಮಿಲಿಗೆ ಒಂದು ಲಕ್ಷ ಇ. ಕೋಲೈ, ಒಂದು ಕೋಟಿ ಫರ್ಮೆಂಟಮ್, ಇ. ಕೋಲೈ ಎಣಿಸಿದ್ದು ಮ್ಯಾಕ್‌ಕಾಂಕಿ (ಅದು ಬೆಳಿಯೋ ಮೀಡಿಯಾ) ಮ್ಯಾಲ. ಮೊದಲ ಐದಾರು ತಾಸು ಇ. ಕೋಲೈ ಹತ್ತು ಪಟ್ಟು ಏರಿತು, ಎದಿ ಧಸಕ್ ಅಂತು. ಇಪ್ಪತ್ನಾಲ್ಕು ತಾಸಿಗೆ ನೂರರ ಆಸುಪಾಸು, ನಲವತ್ತೆಂಟಕ್ಕ ಮಿಲಿಗೆ ಒಂದೂ ಇಲ್ಲ. ಅಂಗಡಿ ಪ್ಯಾಕೆಟ್ ಮೊಸರಿನ ಹೆಪ್ಪು ಹಾಕಿದ್ದರಾಗ ಇಪ್ಪತ್ನಾಲ್ಕು ತಾಸಿಗೆ ಇನ್ನೂ ಹತ್ತು ಸಾವಿರ ಇತ್ತು. ಏಪ್ರಿಲ್ ಮೇದಾಗ ಮಾಡಿದ್ದು, ನಮ್ಮ ಲ್ಯಾಬ್ ತಾನ ಮೂವತ್ತೇಳು ಡಿಗ್ರಿ, ಕರೆಂಟ್ ಹೋದ್ರೂ ಇನ್‌ಕ್ಯುಬೇಟರ್ ಚಿಂತಿ ಇರಲಿಲ್ಲ. ಹೊಟ್ಟಿ ರೋಗ ತರೋ ಸಾಲ್ಮೊನೆಲ್ಲಾ ನಮ್ಮ ಲ್ಯಾಬಿಗೆ ತರೋ ಧೈರ್ಯ ಮಾಡಲಿಲ್ಲ, ಬಯೋಸೇಫ್ಟಿ ಕ್ಯಾಬಿನೆಟ್ ಇರೋ ಗೆಳೆಯನ ಕಡೆ ಎರಡು ಸಲ ಮಾಡಿಸಿದೆ, ಅಲ್ಲಿನೂ ಹಿಂಗ ಬಂತು, ಸ್ವಲ್ಪ ತಡಾ.

ಅಡ್ಡಹಾದಿ ಪ್ರಯೋಗ ಭಾಳ ಮಾಡೀನಿ. ಜ್ವಾಳದ ಅಂಬಲಿಯಿಂದ ಐಸೊಲೇಟ್ ತಗದೆ, ಚೊಲೊ ಬೆಳೀತಾವು, ಹಾಲಿನ್ಯಾಗ ಮಾತ್ರ ಆಳಸಿ. ಕಲ್ಚರ್ ಪುಡಿ ಮಾಡೋಣಂತ ಸ್ಕಿಮ್ ಮಿಲ್ಕ್‌ನ್ಯಾಗ ಕಲಸಿ ತಾಟಿಗೆ ಹಚ್ಚಿ ಟೇಬಲ್ ಫ್ಯಾನ್ ಹಚ್ಚಿಟ್ಟೆ, ಮೂರನೇ ದಿನ ಹಸರ ಬೂಸ್ಟು, ಮ್ಯಾಲ ಇರವಿ ಸಾಲು. ಹೊಟ್ಟಿಯಾಗ ಉಳೀತಾವೇನು ನೋಡಾಕ ಮಾಡಿದ ಬೈಲ್ (ಪಿತ್ತರಸ) 0.3 ಪರ್ಸೆಂಟ್ ಟೆಸ್ಟ್‌ನ್ಯಾಗ ಫರ್ಮೆಂಟಮ್ ಪಾಸು, ಪಿಎಚ್ 2ರಾಗ ಮೂರು ತಾಸಿಗೆ ಭಾಳ ಸತ್ವು, 3ರಾಗ ನಿಂತ್ವು. ನಮ್ಮ ತಂಗಿ ಕೂಸಿಗೆ ಭೇದಿ ಹತ್ತಿದಾಗ "ಅಣ್ಣಾ, ನಿನ್ನ ಮೊಸರು ಹಾಕ್ಲೇನು" ಅಂದ್ಳು, ಬೈದು ಓಆರ್‌ಎಸ್ ಕುಡಸಿ ಡಾಕ್ಟರ್ ಕಡೆ ಕಳಿಸಿದೆ. ಹಾಲಿನ ಬಾಟ್ಲಿಯೊಳಗ ಸತ್ತ ಇ. ಕೋಲೈ ಬ್ಯಾರೆ, ಕೂಸಿನ ಹೊಟ್ಟಿ ಬ್ಯಾರೆ.

ಒಟ್ಟು ಖರ್ಚು ಅರವತ್ತು ಸಾವಿರ ದಾಟೇತಿ, ಅದರಾಗ ಅರ್ಧ ಎಂಆರ್‌ಎಸ್ ಕಾಲದ್ದು, ಪನೀರ್ ನೀರಿಗೆ ಬಂದ ಮ್ಯಾಲ ಮೀಡಿಯಾ ಖರ್ಚು ಹಾಲಿಂದಷ್ಟ, ಅದೂ ಪನೀರ್ ಆಗಿ ವಾಪಸ್ ಬರ್ತದ. ಹಿರಿಯರು ಐದು ವೆಲ್ ಪ್ಲೇಟ್ ಬೆಳಕಿಗೆ ಹಿಡದು ನೋಡಿ, ಸ್ಕೇಲ್ ತಗೊಂಡು ತಾವ ಅಳದು, "ಎಚ್‌ಸಿಎಲ್‌ದು ಮತ್ತೊಮ್ಮಿ ಮಾಡು" ಅಂದ್ರು. ಮತ್ತ ಮೂರು ಸಲ ಮಾಡಿ ಒಯ್ದೆ, ಸೊನ್ನಿನ. ಈಗ ಅವರ ಹುಡುಗರೂ ಪನೀರ್ ಮಾಡಾಕ ಹತ್ಯಾರಂತ ಸುದ್ದಿ. ಫರ್ಮೆಂಟಮ್ ಕಲ್ಚರ್ ಬೇಕಾದವ್ರು ಗದಗಕ್ಕ ಬರ್ರಿ, ಗ್ಲಿಸರಾಲ್ ವಯಲ್ ಮತ್ತ ಐಸ್ ಡಬ್ಬಿ ನೀವ ತರಬೇಕು, ನನ್ನ ಕಡೆ ಉಳದಿದ್ದು ಆರ ವಯಲ್.