ಎಂಟಕ್ಕೆ ಇದ್ದ ಸ್ಕಿಟ್ ಹನ್ನೊಂದೂವರೆಗೆ ಇರಲಿಲ್ಲ

ನ್ಯೂಜೆರ್ಸಿಗೆ ಬಂದ ಹೊಸತರಲ್ಲಿ ಒಂದು ಶನಿವಾರ ನಸುಕಿನಲ್ಲೇ ನ್ಯೂಯಾರ್ಕಿನ ರಾಕಫೆಲರ್ ಪ್ಲಾಜಾ ಹತ್ತಿರ ಸಾಲಿನಲ್ಲಿ ನಿಂತಿದ್ದೆ. ‘ಸ್ಯಾಟರ್‌ಡೇ ನೈಟ್ ಲೈವ್’ ಅನ್ನುವ ಅಮೆರಿಕದ ಟಿವಿ ಹಾಸ್ಯ ಷೋಗೆ ಟಿಕೆಟ್ ಸಿಗದವರ ಸಾಲು ಅದು. ನನಗೆ ಸಿಕ್ಕಿದ್ದು ರಾತ್ರಿ ಎಂಟರ ಡ್ರೆಸ್ ರಿಹರ್ಸಲ್. ಹೊಟ್ಟೆ ತುಂಬ ನಕ್ಕು, ರೈಲು ಹತ್ತಿ ನ್ಯೂಜೆರ್ಸಿಯ ನಮ್ಮೂರು ಎಡಿಸನ್ನಿಗೆ ಬಂದೆ. ಹನ್ನೊಂದೂವರೆಗೆ ಟಿವಿಯಲ್ಲಿ ಅದೇ ಷೋ ಲೈವ್ ಬಂತು. ನಾನು ಜಾಸ್ತಿ ನಕ್ಕಿದ್ದ ಸ್ಕಿಟ್ ಅದರಲ್ಲಿ ಇರಲೇ ಇಲ್ಲ!

ತೆಗೆದವರು ಯಾರು ಅಂತ ಹುಡುಕುತ್ತಾ ಹೋದಾಗ ಲಾರ್ನ್ ಮೈಕಲ್ಸ್ ಅನ್ನುವವರ ಹೆಸರು ಸಿಕ್ಕಿತು. ಟೊರಾಂಟೊ ಕಡೆಯವರು. 1975ರ ಅಕ್ಟೋಬರ್ 11ರಂದು ಈ ಷೋ ಶುರು ಮಾಡಿದರು. 1980ರಲ್ಲಿ ಬಿಟ್ಟು, 1985ರಲ್ಲಿ ವಾಪಸ್ ಬಂದರು. ಆಮೇಲೆ ಬಿಡಲಿಲ್ಲ. ಅವರ ವಾರ ಹೀಗಿರುತ್ತದೆ: ಸೋಮವಾರ ಐಡಿಯಾ, ಮಂಗಳವಾರ ರಾತ್ರಿಯೆಲ್ಲ ಬರವಣಿಗೆ, ಬುಧವಾರ ಸುಮಾರು 40 ಸ್ಕಿಟ್‌ಗಳನ್ನು ಎಲ್ಲರೂ ಕೂತು ಓದುವುದು. ಶನಿವಾರ ಎಂಟಕ್ಕೆ, ಬೇಕಾದ್ದಕ್ಕಿಂತ ಹೆಚ್ಚು ಸ್ಕಿಟ್‌ಗಳನ್ನು ನಿಜವಾದ ಪ್ರೇಕ್ಷಕರ ಮುಂದೆ ಆಡಿಸುತ್ತಾರೆ. ಆಮೇಲೆ ಬೋರ್ಡಿನ ಮೇಲೆ ಸ್ಕಿಟ್‌ಗೊಂದರಂತೆ ಹಾಕಿದ ಕಾರ್ಡುಗಳನ್ನು ಒಂದೊಂದಾಗಿ ತೆಗೆಯುತ್ತಾರೆ, ಜಾಗ ಬದಲಿಸುತ್ತಾರೆ. ಬರೆಯುವವರು, ಆಡುವವರು ಎಷ್ಟೋ ಜನ ಬಂದು ಹೋದರು. ಆ ಬೋರ್ಡಿನ ಮುಂದೆ ನಿಲ್ಲುವವರು ಮಾತ್ರ ಅವರೇ. ಆ ಷೋ ಇಷ್ಟು ಬಾಳಿದ್ದು ಇದರಿಂದಲೇ ಅಂತ ನನಗೆ ಅನಿಸುತ್ತದೆ.

ನಮ್ಮ ಕನ್ನಡ ಬಳಗದ ಯುಗಾದಿ ಸ್ಕಿಟ್‌ಗಳ ಜವಾಬ್ದಾರಿ ನನ್ನದು. ಮೊದಲೆಲ್ಲ ಯಾರು ಏನು ಬರೆದು ತಂದರೂ ಸ್ಟೇಜಿಗೆ ಹೋಗುತ್ತಿತ್ತು. ಒಂದು ವರ್ಷ ಮುಕ್ಕಾಲು ಗಂಟೆಯ ಕಾರ್ಯಕ್ರಮ ಎರಡು ಗಂಟೆ ಎಳೆಯಿತು. ಜನ ಎದ್ದು ಊಟಕ್ಕೆ ಹೋದರು. ಕೊನೆಯ ಸ್ಕಿಟ್ ಆಡಿದ ಮಕ್ಕಳ ಎದುರಿಗೆ ಖಾಲಿ ಕುರ್ಚಿಗಳು. ಆ ಮಕ್ಕಳ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಮಾರನೇ ವರ್ಷದಿಂದ ಲಾರ್ನ್ ಕ್ರಮ ಹಿಡಿದೆ. ಆರು ಬೇಕಿದ್ದರೆ ಒಂಬತ್ತು ತಯಾರು ಮಾಡುತ್ತೇವೆ. ಹಬ್ಬದ ದಿನ ಮಧ್ಯಾಹ್ನವೇ ಎಲ್ಲವನ್ನೂ ಪೂರ್ತಿ ಆಡುತ್ತೇವೆ. ನೋಡುವವರು ಅಡುಗೆಗೆ ಬಂದವರು, ಊರಿಂದ ಬಂದ ಅಜ್ಜಿ ತಾತಂದಿರು. ಬಳಗದ ಸ್ನೇಹಿತರು ಸುಮ್ನೆ ನಗುತ್ತಾರೆ, ಅಲ್ವಾ? ಹೋಳಿಗೆ ಲಟ್ಟಿಸುತ್ತಿದ್ದ ಕೈ ನಿಂತರೆ ಅದು ನಿಜವಾದ ನಗು. ನಾನು ಪೆನ್ಸಿಲ್ ಹಿಡಿದು ನೋಡುವುದು ಆ ಕೈಗಳನ್ನೇ.

ಹೋದ ವರ್ಷ ನಾನೇ ಬರೆದ ಸ್ಕಿಟ್‌ಗೆ ಯಾವ ಕೈಯೂ ನಿಲ್ಲಲಿಲ್ಲ. ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ತೂಕ ಜಾಸ್ತಿಯಾಗಿ, ಅಮ್ಮ ಒಂದೊಂದೇ ಡಬ್ಬ ಹೊರಗೆ ತೆಗೆಯುವ ಕಥೆ. ನನ್ನ ಅಮ್ಮನದೇ ಕಥೆ. ಆ ಪಾತ್ರ ಮಾಡಿದವರು ಒಂದು ತಿಂಗಳು ಮಾತು ಬಾಯಿಪಾಠ ಮಾಡಿದ್ದರು. ಕಾರ್ಡು ಗೋಡೆಯಿಂದ ಕಿತ್ತೆ. ಇಂಥ ಸುದ್ದಿ ಬೇರೆಯವರ ಕೈಲಿ ಹೇಳಿಸಬಾರದು. ಮೇಕಪ್ಪಿಗೆ ಕೂರುವ ಮೊದಲೇ ಹೋಗಿ ಹೇಳಿದೆ. ಅವರ ಕಣ್ಣು ತುಂಬಿತು. ಸ್ವಲ್ಪ ಹೊತ್ತಾದ ಮೇಲೆ, "ಡಬ್ಬ ತೆರೆಯೋಕೆ ತುಂಬ ಲೇಟ್ ಆಯ್ತು, ಜನ ಅಲ್ಲೀವರೆಗೂ ಕಾಯಲ್ಲ" ಅಂದರು.

ಅವರು ಹೇಳಿದ್ದು ಸರಿ. ಈ ಸಲ ಹನ್ನೊಂದು ನಿಮಿಷದ್ದು ನಾಲ್ಕಕ್ಕೆ ಇಳಿದಿದೆ. ಚಟ್ನಿಪುಡಿ ಡಬ್ಬ ಮೊದಲ ಮಾತಿಗೇ ತೆರೆಯುತ್ತದೆ. ಪಾತ್ರ ಅವರದೇ. ಕಾರ್ಡು ಮತ್ತೆ ಗೋಡೆಯ ಮೇಲಿದೆ. ಶನಿವಾರ ಮಧ್ಯಾಹ್ನ ಅಡುಗೆಮನೆಯವರು ನೋಡುತ್ತಾರೆ.